‘ಜ್ವರ’ ಎಂದು ಬರೆದ ಸಾವುಗಳು

ಮನೆಯಲ್ಲೊಬ್ಬರು ತೀರಿಕೊಂಡರೆ ಊರಿಗೆಲ್ಲ ತಾನಾಗಿಯೇ ತಿಳಿಯುತ್ತದೆ. ಸರಕಾರಕ್ಕೆ ತಿಳಿಯಬೇಕಾದರೆ ಮಾತ್ರ ಯಾರಾದರೂ ಬರೆದಿಡಬೇಕು. ಬರೆಯುವ ಕೈ ತಡೆದರೆ ಏನಾಗುತ್ತದೆಂಬುದನ್ನು 1918ರ ಇನ್‌ಫ್ಲುಯೆಂಜಾ ಮಾರಿ ತೋರಿಸಿಕೊಟ್ಟಿತು.

ಆ ವರ್ಷದ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ ಸೆಪ್ಟೆಂಬರಿನಲ್ಲಿ ಉಗ್ರರೂಪ ತಾಳಿ ಮರಳಿ ಬಂದಿತು. ಬ್ರಿಟಿಷ್ ಇಂಡಿಯಾದ ಹಳ್ಳಿಗಳಲ್ಲಿ ಮರಣಗಳನ್ನು ವರದಿ ಮಾಡುವ ಹೊಣೆ ಪಟೇಲ, ಕಾವಲುಗಾರ ಮೊದಲಾದವರದು. ಅವರು ವೈದ್ಯರಲ್ಲ. ಕಾಲರಾ, ಸಿಡುಬು, ಪ್ಲೇಗುಗಳಿಗೆ ಬೇರೆ ಬೇರೆ ಕಲಮುಗಳಿದ್ದವು. ಉಳಿದ ಸಾವುಗಳಲ್ಲಿ ಬಹುಪಾಲು ‘ಜ್ವರ’ ಎಂಬ ಒಂದೇ ಕಲಮಿಗೆ ಸೇರುತ್ತಿದ್ದವು. ಹೊಸ ಮಾರಿಗೆ ತುತ್ತಾದವರೂ ಹೆಚ್ಚಾಗಿ ಅಲ್ಲಿಯೇ ಅಡಗಿಹೋದರು. ಅದರ ಮೇಲೆ, ಬರೆಯಬೇಕಾದವರೇ ಹಾಸಿಗೆ ಹಿಡಿದರು. ಸಾವು ಏರಿದ ಹೊತ್ತಿನಲ್ಲಿಯೇ ಲೆಕ್ಕ ಕುಸಿಯಿತು.

ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಅವರ 1919ರ ಪ್ರಾಥಮಿಕ ವರದಿ ಸತ್ತವರನ್ನು ಸುಮಾರು 60 ಲಕ್ಷವೆಂದು ಅಂದಾಜು ಮಾಡಿತು. 1921ರ ಜನಗಣತಿಯ ವರದಿ ಅದನ್ನು 1 ಕೋಟಿ 20 ಲಕ್ಷಕ್ಕೂ ಮೇಲಕ್ಕೆ ಒಯ್ದಿತು. ಮುಂದಿನ ವಿದ್ವಾಂಸರಲ್ಲಿ ಕೆಲವರು 1 ಕೋಟಿ 70 ಲಕ್ಷವನ್ನೂ ದಾಟಿದರು. ಒಂದೇ ದುರಂತ, ಅದರ ಅಳತೆ ಮಾತ್ರ ಮೂರು ಬಗೆ.

ಶತಮಾನ ಕಳೆದ ಮೇಲೆ ಕೋವಿಡ್ ಅದೇ ಪ್ರಶ್ನೆಯನ್ನು ಕೇಳಿತು. 2020 ಮತ್ತು 2021ರಲ್ಲಿ ಭಾರತದ ಅಧಿಕೃತ ಲೆಕ್ಕ ಸುಮಾರು 4.8 ಲಕ್ಷ. ಅದೇ ಅವಧಿಯ ಹೆಚ್ಚುವರಿ ಸಾವುಗಳು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಆ ವಿಧಾನವನ್ನು ನಮ್ಮ ಸರಕಾರ ಒಪ್ಪಲಿಲ್ಲ. ವಾದ ಹೇಗೇ ಇರಲಿ, 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ನೂರಕ್ಕೆ 23ಕ್ಕಿಂತ ಕಡಿಮೆ.

ಇದು ಬರಿಯ ಅಂಕಿಗಳ ಜಗಳವಲ್ಲ. 2021ರಲ್ಲಿ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಗೊತ್ತಾಯಿತು. ಮರಣಪತ್ರದಲ್ಲಿ ಕೋವಿಡ್ ಎಂಬ ಪದವಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಒಂದು ಪದ ಬಿಟ್ಟುಹೋದರೆ ಒಬ್ಬ ವಿಧವೆಯ ಹಕ್ಕೇ ಬಿಟ್ಟುಹೋಗಬಹುದು.

ಹಾಗಾದರೆ ದಾರಿ ಯಾವುದು? ಪ್ರತಿ ಹಳ್ಳಿಗೂ ವೈದ್ಯರು ಬರುವ ತನಕ ಕಾಯಬೇಕಾಗಿಲ್ಲ. ಕಾರಣ ತಿಳಿಯದಿದ್ದರೂ ಸಾವನ್ನು ಒಡನೆಯೇ ಬರೆಯಬಹುದು. ಹಿಂದಿನ ವರ್ಷಗಳ ಇದೇ ತಿಂಗಳ ಸಂಖ್ಯೆಯೊಡನೆ ಹೋಲಿಸಿದರೆ ಮಾರಿಯ ಸುಳಿವು ಸಿಗುತ್ತದೆ. ಬಳಿಕ ತರಬೇತಿ ಪಡೆದವರು ಮನೆಗೆ ಹೋಗಿ, ಜ್ವರ ಎಷ್ಟು ದಿನವಿತ್ತು, ಉಸಿರು ಕಟ್ಟಿತ್ತೆ ಎಂದು ಮನೆಯವರನ್ನು ಕೇಳಬೇಕು. ಆ ಉತ್ತರಗಳಿಂದ ವೈದ್ಯರು ಕಾರಣವನ್ನು ಊಹಿಸಬಲ್ಲರು. ಬರೆಯುವವರು ಕಾಯಿಲೆ ಬಿದ್ದರೆ ಬದಲಿಗೆ ಇನ್ನೊಬ್ಬರು ಇರಲೇಬೇಕು. 1918ರಲ್ಲಿ ಇಲ್ಲದೆ ಹೋದದ್ದು ಆ ಇನ್ನೊಂದು ಕೈ.