ಅಹವಾಲಿನ ಕಥನ: ಬಾನು ಮುಷ್ತಾಕ್ ಬರವಣಿಗೆಯ ಹಾಸನದ ನೆಲೆ

ಹಾಸನ ಜಿಲ್ಲೆಯ ಕನ್ನಡ ಗದ್ಯ ಎಂದೊಡನೆ ನೆನಪಿಗೆ ಬರುವುದು ಹಳ್ಳಿ. ಹೇಮಾವತಿ ದಡದ ಗೊರೂರನ್ನು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಪ್ರಬಂಧಗಳಲ್ಲಿ ಚಿರಪರಿಚಿತಗೊಳಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಆ ಸೀಮೆಯ ಪ್ಲೇಗು, ಬರ, ಶಾನುಭೋಗಿಕೆಯ ಜಗಳಗಳನ್ನು 1970ರ ‘ಗೃಹಭಂಗ’ದಲ್ಲಿ ಕಂಡರಿಸಿದರು. ಕಟ್ಟಾಯ, ಅರಕಲಗೂಡು, ಹೊಳೆನರಸೀಪುರಗಳ ರೈತರು ವ್ಯಾಜ್ಯ ಹೊತ್ತು ಬರುವ ಹಾಸನ ಪೇಟೆಗೆ, ಅದರ ಮಸೀದಿ ಬೀದಿಗೆ, ಕೋರ್ಟಿನ ಆವರಣಕ್ಕೆ ಈ ಗದ್ಯದಲ್ಲಿ ಸಿಕ್ಕ ಜಾಗ ಕಡಿಮೆ. ಆ ಜಾಗವನ್ನು ತುಂಬಿದವರು ಬಾನು ಮುಷ್ತಾಕ್.

2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯ ನಂತರ ಅವರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಅವರನ್ನು ‘ಮುಸ್ಲಿಂ ಮಹಿಳೆಯರ ದನಿ’ ಎಂದು ಕರೆದು ಕೈತೊಳೆದುಕೊಂಡಿವೆ. ಅದು ಸುಳ್ಳಲ್ಲ, ಆದರೆ ಕಥೆಗಳ ರಚನೆಯನ್ನು ಅದು ವಿವರಿಸುವುದಿಲ್ಲ. ವರದಿಗಾರ್ತಿ, ನಗರಸಭೆ ಸದಸ್ಯೆ, ವಕೀಲೆ: ಈ ಮೂರೂ ಕೆಲಸಗಳಲ್ಲಿ ಅವರ ಮುಂದೆ ಬಂದು ನಿಂತದ್ದು ಅಹವಾಲು ಹೊತ್ತ ಜನ. ಅವರ ಕಥೆಗಳ ಒಳಗಟ್ಟು ಅಹವಾಲಿನದೇ ಎಂಬುದು ಈ ಲೇಖನದ ವಾದ.

ಬಾನು ಹುಟ್ಟಿದ್ದು 1948ರ ಏಪ್ರಿಲ್ 3ರಂದು, ಹಾಸನದಲ್ಲಿ. ಮನೆಮಾತು ದಖ್ಖನಿ ಉರ್ದು. ಎಂಟನೆಯ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಾಧ್ಯಮದ ಕಾನ್ವೆಂಟಿಗೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯದಿದ್ದರೆ ಶಾಲೆ ಬಿಡಬೇಕು ಎಂಬ ಷರತ್ತಿತ್ತು. ಹುಡುಗಿ ಗಡುವಿಗಿಂತ ಬಹಳ ಮೊದಲೇ ಬರೆಯತೊಡಗಿದಳು. ಇಪ್ಪತ್ತಾರರ ಹೊತ್ತಿಗೆ ತಾವೇ ಮೆಚ್ಚಿದವರೊಂದಿಗೆ ಮದುವೆ, ಹೆಚ್ಚು ಕಡಿಮೆ ಅದೇ ಕಾಲಕ್ಕೆ ‘ಪ್ರಜಾಮತ’ದಲ್ಲಿ ಮೊದಲ ಕಥೆ.

ಮದುವೆಯ ನಂತರದ ದಿನಗಳು ಸುಗಮವಾಗಿರಲಿಲ್ಲ. ಬುರ್ಖಾ ತೊಡಬೇಕು, ಮನೆಗೆಲಸಕ್ಕೆ ಕಟ್ಟುಬೀಳಬೇಕು ಎಂಬ ಒತ್ತಡವಿತ್ತು. ಇಪ್ಪತ್ತೊಂಬತ್ತರಲ್ಲಿ, ಬಾಣಂತಿಯ ಖಿನ್ನತೆ ಕಾಡುತ್ತಿದ್ದಾಗ, ಪ್ರಾಣ ಕಳೆದುಕೊಳ್ಳಲು ಹೊರಟ ತಮ್ಮನ್ನು ಗಂಡ ತಡೆದು, ಹಸುಗೂಸನ್ನು ಕಾಲ ಬಳಿ ಇಟ್ಟು ಬೇಡಿಕೊಂಡದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ‘ಎದೆಯ ಹಣತೆ’ ಕಥೆಯಲ್ಲಿ ಈ ಘಟನೆ ಹೆಚ್ಚು ಕಡಿಮೆ ಹಾಗೆಯೇ ಬರುತ್ತದೆ. ಗಂಡ ಬೇರೊಬ್ಬಳ ಹಿಂದೆ ಹೋದ ಮೇಲೆ ಮೆಹರುನ್ ತವರಿಗೆ ಬರುತ್ತಾಳೆ, ತವರಿನವರು ಅವಳನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತಾರೆ. ಕೊನೆಗೆ ಮಗುವನ್ನು ತಂದು ತಾಯಿಯ ಕಾಲ ಬಳಿ ಇಡುವವಳು ಹಿರಿಮಗಳು ಸಲ್ಮಾ. ಬದುಕಿನಲ್ಲಿ ಗಂಡ ಮಾಡಿದ ಕೆಲಸವನ್ನು ಕಥೆಯಲ್ಲಿ ಮಗಳು ಮಾಡುತ್ತಾಳೆ. ಅಣ್ಣತಮ್ಮಂದಿರಿಗೆ, ಅಪ್ಪನಿಗೆ ಹೇಳಿಕೊಂಡ ಅಹವಾಲು ವ್ಯರ್ಥವಾದ ಮೇಲೆ ಅದು ಒಬ್ಬಳು ಹುಡುಗಿಗೆ ಮಾತ್ರ ಕೇಳಿಸುತ್ತದೆ. ಅನುಭವವನ್ನು ಎತ್ತಿ ಹಾಗೇ ಕಥೆಗೆ ಸುರಿದಿದ್ದಾರೆ ಎನ್ನುವ ವಿಮರ್ಶೆ ಈ ಬದಲಾವಣೆಯನ್ನು ಗಮನಿಸಿದಂತಿಲ್ಲ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಬಂತು. ಜಾಹೀರಾತಿಲ್ಲದ ಆ ವಾರಪತ್ರಿಕೆಗೆ ಜಿಲ್ಲೆಗಳಿಂದ ಬರೆಯುವವರು ಬೇಕಿದ್ದರು, ಜಿಲ್ಲೆಗಳಲ್ಲಿ ಬರೆಯಬಲ್ಲವರಿಗೆ ಒಂದು ಪತ್ರಿಕೆ ಬೇಕಿತ್ತು. ಕಾಸರಗೋಡಿನ ಚಂದ್ರಗಿರಿ ತೀರದ ಸಾರಾ ಅಬೂಬಕ್ಕರ್ ಕೂಡ ಇದೇ ಪತ್ರಿಕೆಯ ಮೂಲಕವೇ ಕನ್ನಡ ಓದುಗರಿಗೆ ಪರಿಚಿತರಾದರು. ಬಾನು 1981ರಿಂದ 1990ರವರೆಗೆ ಅಲ್ಲಿ ವರದಿಗಾರ್ತಿ. ಅದೇ ದಶಕದಲ್ಲಿ, 1985ರಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಜೀವನಾಂಶದ ಹಕ್ಕಿದೆ ಎಂದ ಶಾ ಬಾನೊ ತೀರ್ಪು ಬಂತು. ಮರುವರ್ಷವೇ ಅದರ ಪರಿಣಾಮವನ್ನು ಮೊಟಕುಗೊಳಿಸುವ ಕಾನೂನೂ ಬಂತು. ಜೀವನಾಂಶ ಎಂಬುದು ದೇಶದ ದೊಡ್ಡ ರಾಜಕೀಯದ ಮಾತಾದಾಗ, ಊರಿನ ಜಮಾತಿನ ಎದುರು ಅದನ್ನು ಕೇಳಲು ಹೋದ ಹೆಂಗಸಿನ ಪಾಡೇನಾಯಿತು? ದೆಹಲಿಯ ಸಂಪಾದಕೀಯಗಳಲ್ಲಿ ಸಿಗದ ಈ ವಿವರ ಬಾನು ಕಥೆಗಳಲ್ಲಿ ಸಿಗುತ್ತದೆ. 1990ರಲ್ಲಿ ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂತು. ಪತ್ರಿಕೆ ಬಿಟ್ಟ ಮೇಲೆ ಅವರು ಹಿಡಿದದ್ದು ವಕೀಲಿ ವೃತ್ತಿ.

‘ಕರಿ ನಾಗರಗಳು’ ಕಥೆಯನ್ನು ಹತ್ತಿರದಿಂದ ನೋಡಬೇಕು. ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಅಶ್ರಫ್, ಕಾಯಿಲೆಯ ಕೂಸನ್ನು ಹೊತ್ತು ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಮುತವಲ್ಲಿ ಇಲ್ಲ ಅನ್ನುವುದಿಲ್ಲ. ಇವತ್ತು ನಾಳೆ ಎಂದು ಮುಂದೂಡುತ್ತಾನೆ. ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಗೊತ್ತಿರುವ ವಿದ್ಯೆ ಇದು. ಧರ್ಮಗ್ರಂಥ ಹೆಣ್ಣಿಗೆ ಕೊಟ್ಟ ಹಕ್ಕುಗಳನ್ನು ಓದಿದ ಹೆಂಗಸೊಬ್ಬಳು ಅಶ್ರಫ್‌ಗೆ ತಿಳಿಹೇಳುತ್ತಾಳೆ, ಅಂದರೆ ಅರ್ಜಿಗೆ ಆಧಾರವೂ ಇದೆ. ಆದರೂ ಕೂಸು ಸಾಯುತ್ತದೆ. ಆಮೇಲೆ ಕೇರಿಯ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಅವನ ಹೆಂಡತಿ ಅಮೀನಾ, ಗಂಡ ಬೇಡವೆಂದಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೊರಟೇಬಿಡುತ್ತಾಳೆ. ಅರ್ಜಿ ತಿರಸ್ಕೃತವಾದ ಕಡೆ ಅಪ್ಪಣೆ ಬೇಡದ ಕೆಲಸವೊಂದು ಶುರುವಾಗುತ್ತದೆ. ‘ಬೆಂಕಿ ಮಳೆ’ಯ ಮುತವಲ್ಲಿಯದು ಇನ್ನೊಂದು ಬಗೆ: ತಂಗಿ ಆಸ್ತಿಯಲ್ಲಿ ಪಾಲು ಕೇಳಿದಾಗ ಅವನು ಹೆಣವೊಂದರ ಧರ್ಮದ ವಿವಾದವನ್ನು ಹೆಗಲಿಗೇರಿಸಿಕೊಂಡು ಸಮುದಾಯದ ನಾಯಕನಾಗಿಬಿಡುತ್ತಾನೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯಲ್ಲಿ ಕೆಳಗಿನ ಕಟ್ಟೆಗಳೆಲ್ಲ ಮುಗಿದು ಅರ್ಜಿ ನೇರ ದೇವರಿಗೇ ಹೋಗುತ್ತದೆ.

ಹೀಗಾಗಿ ಈ ಕಥೆಗಳ ಕೋಪ ಧರ್ಮದ ಮೇಲಿನದು ಎಂಬ ಓದು ಅವಸರದ್ದು. ಅದು ಅಧಿಕಾರದ ಕುರ್ಚಿಯಲ್ಲಿ ಕೂತು ತೀರ್ಮಾನ ಮುಂದೂಡುವವನ ಮೇಲಿನ ಕೋಪ. ಆ ಕುರ್ಚಿ ಮಸೀದಿಯಲ್ಲಿದ್ದರೂ ಅಷ್ಟೇ, ಮನೆಯ ಜಗಲಿಯಲ್ಲಿದ್ದರೂ ಅಷ್ಟೇ.

ಮಸೀದಿಗೆ ಹೆಂಗಸರ ಪ್ರವೇಶದ ಹಕ್ಕನ್ನು ಎತ್ತಿಹಿಡಿದದ್ದಕ್ಕೆ 2000ದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಬಿತ್ತು. ಚಾಕು ಹಿಡಿದು ಬಂದವನೊಬ್ಬನನ್ನು ಗಂಡ ತಡೆದರು. ದರ್ಗಾವೋ ದತ್ತಪೀಠವೋ ಎಂಬ ಬಾಬಾಬುಡನ್‌ಗಿರಿಯ ವಿವಾದದಲ್ಲಿ ಕೋಮು ಸೌಹಾರ್ದ ವೇದಿಕೆಯ ಜೊತೆ ನಿಂತವರೂ ಇವರೇ. ಎರಡೂ ಕಡೆಯವರಿಗೆ ಬೇಡವಾಗುವ ಈ ಜಾಗ ಅವರಿಗೆ ಅಭ್ಯಾಸವಾಗಿಹೋಗಿದೆ ಎನ್ನಬೇಕು.

2004ರಲ್ಲಿ ಗಿರೀಶ ಕಾಸರವಳ್ಳಿ ‘ಕರಿ ನಾಗರಗಳು’ ಆಧರಿಸಿ ‘ಹಸೀನಾ’ ಸಿನಿಮಾ ತೆಗೆದರು. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಕಥೆಗಾರ್ತಿಯ ಹೆಸರು ಮಾತ್ರ ಸಾಹಿತ್ಯ ವಲಯದ ಆಚೆ ಅಷ್ಟಾಗಿ ಹಬ್ಬಲಿಲ್ಲ. ಕನ್ನಡ ವಿಮರ್ಶೆ ಅವರನ್ನು ‘ಬಂಡಾಯ’, ‘ಮುಸ್ಲಿಂ ಸಂವೇದನೆ’ ಎಂಬ ಅಧ್ಯಾಯಗಳ ಪಟ್ಟಿಯಲ್ಲಿ ಸೇರಿಸಿತೇ ಹೊರತು, ಒಂದೊಂದು ಕಥೆಯನ್ನೂ ಕೂತು ಓದಿದ್ದು ಅಪರೂಪ.

ಆ ಕೆಲಸವನ್ನು ಮಾಡಿದವರು ಮಡಿಕೇರಿಯ ದೀಪಾ ಭಾಸ್ತಿ. 1990ರಿಂದ 2023ರವರೆಗಿನ ಕಥೆಗಳಲ್ಲಿ 12ನ್ನು ಆಯ್ದು ಇಂಗ್ಲಿಷಿಗೆ ಅನುವಾದಿಸಿ ‘ಹಾರ್ಟ್ ಲ್ಯಾಂಪ್’ ಕಟ್ಟಿದರು. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. 2013ರಲ್ಲಿ ಯು.ಆರ್. ಅನಂತಮೂರ್ತಿ ಇದೇ ಬುಕರ್‌ನ ಅಂತಿಮ ಪಟ್ಟಿಯಲ್ಲಿದ್ದರು. ಆಗ ಅದು ಲೇಖಕರ ಒಟ್ಟು ಸಾಧನೆಗೆ ಕೊಡುವ ಪ್ರಶಸ್ತಿ. 2016ರಿಂದ ಒಂದೇ ಪುಸ್ತಕಕ್ಕೆ, ಅನುವಾದಕರಿಗೂ ಸಮಪಾಲು ಎಂದಾಯಿತು. 2025ರ ಮೇ 20ರಂದು ಲಂಡನ್ನಿನಲ್ಲಿ ಘೋಷಣೆಯಾದ ಪ್ರಶಸ್ತಿಯ 50,000 ಪೌಂಡ್ ಹೀಗೆ ಇಬ್ಬರಿಗೂ ಹಂಚಿಹೋಯಿತು. ಸಣ್ಣಕಥೆಗಳ ಸಂಕಲನಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೇ ಸೆಪ್ಟೆಂಬರ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಕರೆದದ್ದನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ವಜಾ ಆದವು. 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟಿಸಿದರು.

ಅನುವಾದದ ಬಗ್ಗೆ ಒಂದು ತಕರಾರಿದೆ. ಮೂರು ದಶಕಗಳ ಕಥೆಗಳು ಒಂದೇ ಸಂಪುಟದಲ್ಲಿ ಕೂತಾಗ ಕಥೆಗಾರ್ತಿ ಬದಲಾದ ಬಗೆ ಕಾಣದಾಗುತ್ತದೆ. ಮುತವಲ್ಲಿಯ ಕಥೆಗಳಲ್ಲಿ ನಿರೂಪಣೆ ಸುಡುತ್ತದೆ. ‘ಅರೇಬಿಕ್ ಮೇಷ್ಟ್ರು ಮತ್ತು ಗೋಬಿ ಮಂಚೂರಿ’ಯಲ್ಲಿ ಕಥೆ ಹೇಳುವವಳು ವಕೀಲೆ, ಮಕ್ಕಳಿಗೆ ಪಾಠ ಹೇಳಲು ಬಂದ ಮೇಷ್ಟ್ರಿಗೆ ಬೀದಿ ಗಾಡಿಯ ತಿಂಡಿಯ ಹುಚ್ಚು. ಅಹವಾಲು ಕೊನೆಗೆ ಅವಳ ತನಕ ಬರುತ್ತದೆ. ಈ ಸಲ ಮೇಜಿನ ಆಚೆ ಕೂತಿರುವವಳು ಅವಳೇ. ಎಲ್ಲ ಸಂಕಲನಗಳ ಐವತ್ತಕ್ಕೂ ಹೆಚ್ಚು ಕಥೆಗಳನ್ನು ಬರೆದ ವರ್ಷಗಳ ಸಮೇತ ಕಾಲಾನುಕ್ರಮದಲ್ಲಿ ಜೋಡಿಸಿದ ಶಾಸ್ತ್ರೀಯ ಆವೃತ್ತಿಯೊಂದು ಬಂದರೆ, ಕಥೆಗಾರ್ತಿ ಆ ಮೇಜನ್ನು ದಾಟಿದ್ದು ಯಾವ ಕಥೆಯಿಂದ ಎಂಬುದನ್ನು ಗುರುತಿಸಬಹುದು.