ಕಡಲ ನೀರು ಕುಡಿಯುವ ನೀರಾದ ಕಥೆ

ನಿಮ್ಮ ಭೂಪಟದಲ್ಲಿ ಪರ್ಷಿಯನ್ ಕೊಲ್ಲಿಯ ವಾಯವ್ಯ ಮೂಲೆಯನ್ನು ಗಮನಿಸಿ. ಅಲ್ಲಿರುವ ಪುಟ್ಟ ದೇಶವೇ ಕುವೈತ್. ಅಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ವಾರ್ಷಿಕ ಮಳೆ ಸುಮಾರು 110 ಮಿಲಿಮೀಟರ್ ಮಾತ್ರ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರಿದ್ದರೂ ಕುಡಿಯುವಂತಿಲ್ಲ. ಏಕೆಂದರೆ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ.

ಹಾಗಾದರೆ ಅಲ್ಲಿನ ಜನ ಹೇಗೆ ಬದುಕಿದರು? ಮೊದಲು ಆಳವಿಲ್ಲದ ಬಾವಿಗಳಿದ್ದವು. ಜನಸಂಖ್ಯೆ ಬೆಳೆದಂತೆ ಅವು ಸಾಲದಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ಹಾಯಿಹಡಗುಗಳು ಉತ್ತರದ ಶತ್ ಅಲ್ ಅರಬ್ ನದಿಯಿಂದ ಸಿಹಿನೀರನ್ನು ತುಂಬಿ ತರತೊಡಗಿದವು. 1939ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಸ್ಥಾಪನೆಯಾಯಿತು. ದಡಕ್ಕೆ ಬಂದ ನೀರನ್ನು ಚರ್ಮದ ಚೀಲಗಳಲ್ಲಿ ತುಂಬಿ, ಕತ್ತೆಗಳ ಮೇಲೆ ಹೇರಿ ಮನೆಮನೆಗೆ ಮಾರುತ್ತಿದ್ದರು. ಬಿರುಗಾಳಿಯಿಂದ ಹಡಗು ತಡವಾದರೆ ಊರಿಗೆ ಊರೇ ಕಾಯಬೇಕಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ತೈಲ. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು. 1946ರಲ್ಲಿ ರಫ್ತು ಆರಂಭವಾಯಿತು. 1953ರಲ್ಲಿ ಷುವೈಖ್ ಎಂಬಲ್ಲಿ ದಿನಕ್ಕೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 45 ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಕೆಲಸ ಆರಂಭಿಸಿತು.

ಇದರ ಮೂಲತತ್ತ್ವ ಹಳೆಯದು. ಸಮುದ್ರದ ನೀರು ಆವಿಯಾಗಿ ತಣಿದರೆ ಸಿಹಿಯಾಗುತ್ತದೆ ಎಂಬುದನ್ನು ಗ್ರೀಸಿನ ಅರಿಸ್ಟಾಟಲನೇ ಬರೆದಿದ್ದಾನೆ. ಆದರೆ ನೀರು ಕುದಿಸಲು ಬೇಕಾಗುವ ಇಂಧನ ಅಪಾರ. ಹೀಗಾಗಿ ಎಂಜಿನಿಯರುಗಳು ಒಂದು ಉಪಾಯ ಕಂಡುಕೊಂಡರು. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆಯಲ್ಲವೇ? ಕಾದ ನೀರನ್ನು ಒಂದಕ್ಕಿಂತ ಒಂದು ಕಡಿಮೆ ಒತ್ತಡದ ಕೋಣೆಗಳ ಸಾಲಿನಲ್ಲಿ ಹಾಯಿಸಿದರೆ ಪ್ರತಿ ಕೋಣೆಯಲ್ಲೂ ಒಂದಿಷ್ಟು ನೀರು ತಟಕ್ಕನೆ ಆವಿಯಾಗುತ್ತದೆ. ಆ ಆವಿ ತಣಿಯುವಾಗ ಬಿಡುವ ಶಾಖ ಒಳಬರುವ ನೀರನ್ನು ಬೆಚ್ಚಗಾಗಿಸುತ್ತದೆ. 1950ರ ದಶಕದ ಕೊನೆಗೆ ರೂಪುಗೊಂಡ ಈ ವಿಧಾನ ಕೊಲ್ಲಿಯ ದೇಶಗಳಲ್ಲೆಲ್ಲ ಹರಡಿತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಬೇರೊಂದು ದಾರಿ ತೆರೆದರು. ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳುಪೊರೆಯ ಮೂಲಕ ಅಧಿಕ ಒತ್ತಡದಿಂದ ನೀರನ್ನು ಹಾಯಿಸುವುದು ಇವರ ವಿಧಾನ. ಇದನ್ನು ವಿಲೋಮ ಪರಾಸರಣ ಎನ್ನುತ್ತಾರೆ. ಇಲ್ಲಿ ಕುದಿಸಬೇಕಾಗಿಲ್ಲ. ಇಂದಿನ ಉತ್ತಮ ಸ್ಥಾವರಗಳಲ್ಲಿ 1,000 ಲೀಟರ್ ಸಿಹಿನೀರಿಗೆ ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಸಾಕು.

ಹಾಗೆಂದು ಚಿಂತೆ ತೀರಿತೆಂದು ತಿಳಿಯಬೇಡಿ. 1991ರ ಕೊಲ್ಲಿ ಯುದ್ಧದಲ್ಲಿ ಅಪಾರ ತೈಲ ಸಮುದ್ರಕ್ಕೆ ಹರಿದಾಗ ಸೌದಿ ಅರೇಬಿಯದ ಜುಬೈಲ್ ಸ್ಥಾವರದ ನೀರಿನ ಬಾಯಿಯನ್ನು ತೇಲುವ ತಡೆಗಳಿಂದ ರಕ್ಷಿಸಬೇಕಾಯಿತು. ಕುವೈತಿನ ಸ್ಥಾವರಗಳಿಗೂ ಯುದ್ಧದಿಂದ ಭಾರಿ ಹಾನಿಯಾಯಿತು. ಹಿಂದೆ ಹಾಯಿಹಡಗಿಗೆ ಕಾಯುತ್ತಿದ್ದ ನಗರ ಈಗ ಯಂತ್ರಕ್ಕೆ ಕಾಯುವಂತಾಯಿತು. ಇದಲ್ಲದೆ ಉಳಿದ ಗಾಢ ಉಪ್ಪುನೀರು ಮತ್ತೆ ಸಮುದ್ರವನ್ನೇ ಸೇರುತ್ತದೆ. ಜಾಗ್ರತೆ ವಹಿಸದಿದ್ದರೆ ಅಲ್ಲಿನ ಜೀವಿಗಳಿಗೆ ತೊಂದರೆ.

ನಮ್ಮ ದೇಶದಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ, ಚೆನ್ನೈ ಸಮೀಪದ ಮಿಂಜೂರಿನಲ್ಲಿ 2010ರಲ್ಲಿ ಇಂಥ ಸ್ಥಾವರಗಳು ಬಂದವು. ಮಂಗಳೂರಿನ ತೈಲ ಶುದ್ಧೀಕರಣಾಗಾರ 2019ರ ಬೇಸಿಗೆಯಲ್ಲಿ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಅದಕ್ಕಾಗಿ ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಬಂದಿದೆ. ಧಾರಾಳ ಮಳೆ ಬೀಳುವ ಕರಾವಳಿಯ ಮಾತಿದು!

ಕುವೈತಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಕೆರೆಗಳಿವೆ, ನದಿಗಳಿವೆ, ಮಳೆಯಿದೆ. ಇವನ್ನು ಕಾಪಾಡಿಕೊಳ್ಳುವ ಖರ್ಚು ಹೆಚ್ಚೋ, ಕಡಲನ್ನು ಸಿಹಿ ಮಾಡುವ ಖರ್ಚು ಹೆಚ್ಚೋ? ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.