ಬೆಂಕಿಪೊಟ್ಟಣದಲ್ಲಿ ಬಂದ ಪತ್ರ

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ಸಣ್ಣ ಊರೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಅಲ್ಲಿನ ಸರ್ಕಾರಿ ಶಾಲೆಯೊಂದನ್ನು ಮುಚ್ಚುವ ಪ್ರಸ್ತಾಪ ಬಂದಾಗ ಊರಿನ ಅಧ್ಯಾಪಕರೆಲ್ಲ ಸೇರಿ ಒಂದು ಮನವಿಯನ್ನು ಸಿದ್ಧಪಡಿಸಿದೆವು. ಒಕ್ಕಣೆ ನನ್ನದೇ. ಆದರೆ ಮೊದಲ ಸಹಿ ಯಾರದು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಲೇಖನಿಯೂ ಜೇಬಿನಲ್ಲಿಯೇ ಉಳಿಯಿತು. ಕಡೆಗೆ ನಿವೃತ್ತಿಗೆ ಎರಡು ವರ್ಷವಿದ್ದ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಸಹಿ ಹಾಕಿದರು. ನನ್ನದು 23ನೆಯದು. ತಿಂಗಳೊಳಗೆ ಅವರಿಗೆ ದೂರದ ತಾಲ್ಲೂಕಿಗೆ ವರ್ಗವಾಯಿತು. ಉಳಿದ ನಾವು ತಣ್ಣಗಾದೆವು.

ಆಮೇಲೆ ಎಂದೋ ನಾರ್ವೆ ದೇಶದ ಶಿಕ್ಷಕರ ವೃತ್ತಾಂತವನ್ನು ಓದಿದಾಗ ಮೊದಲು ನನ್ನ ಮನಸ್ಸಿಗೆ ನಾಟಿದ್ದು ಅವರ ಧೈರ್ಯವಲ್ಲ. ಮೊದಲ ಸಹಿಯ ಈ ತೊಡಕನ್ನು ಅವರು ಬಿಡಿಸಿದ ಬಗೆ.

1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿತು. ಆ ವರ್ಷವೇ ವಿದ್ಯಾರ್ಥಿಗಳು ಕಾಗದ ಸಿಕ್ಕಿಸುವ ತಂತಿಯ ಕ್ಲಿಪ್ಪನ್ನು ಕೋಟಿನ ಅಂಚಿಗೆ ಧರಿಸತೊಡಗಿದರು: ನಾವೆಲ್ಲ ಒಟ್ಟಿಗಿದ್ದೇವೆ ಎಂಬುದು ಅದರ ಅರ್ಥ. (ಆ ಕ್ಲಿಪ್ಪು ನಾರ್ವೆಯವನೊಬ್ಬನ ಸೃಷ್ಟಿಯೆಂದು ಹೇಳುವುದುಂಟು. ಆತ ರೂಪಿಸಿದ್ದು ಬೇರೆಯೇ ಮಾದರಿ. ಆದರೆ ಚಂದದ ಕಥೆಗೆ ಅಷ್ಟು ಸುಲಭವಾಗಿ ಸಾವಿಲ್ಲ.)

1942ರ ಫೆಬ್ರವರಿಯಲ್ಲಿ ನಾತ್ಸಿಗಳ ಕೈಗೊಂಬೆಯಾದ ವಿಡ್ಕುನ್ ಕ್ವಿಸ್ಲಿಂಗ್ ಪ್ರಧಾನಿಯ ಪೀಠವೇರಿದ. ಈತನ ಹೆಸರೇ ಇಂಗ್ಲಿಷಿನಲ್ಲಿ ದೇಶದ್ರೋಹಿಗೆ ಪರ್ಯಾಯ ಪದವಾಗಿ ಉಳಿದಿದೆ. ಪೀಠವೇರಿದ ಕೆಲವೇ ದಿನಗಳಲ್ಲಿ ಎರಡು ಕಾನೂನುಗಳನ್ನು ಹೊರಡಿಸಿದ. ಶಿಕ್ಷಕರೆಲ್ಲರೂ ಅವನ ಪಕ್ಷದವರ ಹಿಡಿತದಲ್ಲಿದ್ದ ಹೊಸ ಸಂಘದ ಕಡ್ಡಾಯ ಸದಸ್ಯರು. ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲರೂ ಪಕ್ಷದ ಯುವದಳದ ಕಡ್ಡಾಯ ಸೇವಕರು. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆ ಒಂದು ಪಕ್ಷದ ಗರಡಿಯಾಗಬೇಕೆಂಬುದು ಅವನ ಉದ್ದೇಶ.

ಆಸ್ಲೋದಲ್ಲಿ ಗುಟ್ಟಾಗಿ ಕಲೆತ ಕೆಲವು ಶಿಕ್ಷಕರು ಒಂದು ಪುಟ್ಟ ಒಕ್ಕಣೆಯನ್ನು ರಚಿಸಿದರು. ಪಕ್ಷದ ಯುವದಳದ ರೀತಿಯಲ್ಲಿ ಮಕ್ಕಳನ್ನು ಬೆಳೆಸುವುದು ನನ್ನ ಅಂತಃಸಾಕ್ಷಿಗೆ ವಿರುದ್ಧ, ಆದುದರಿಂದ ಹೊಸ ಸಂಘದ ಸದಸ್ಯನೆಂದು ನನ್ನನ್ನು ನಾನು ಭಾವಿಸಿಲ್ಲ, ಎಂಬುದೇ ಅದರ ಸಾರಾಂಶ. ಅಲಂಕಾರವಿಲ್ಲ, ಧಿಕ್ಕಾರವಿಲ್ಲ. ಆ ಒಕ್ಕಣೆ ಬೆಂಕಿಪೊಟ್ಟಣದಲ್ಲಿ ಅಡಗಿ ಕೈಯಿಂದ ಕೈಗೆ ದಾಟುತ್ತ ಊರೂರನ್ನು ತಲುಪಿತು. ಪ್ರತಿಯೊಬ್ಬರೂ ಅದನ್ನು ಅಕ್ಷರ ಬದಲಿಸದೆ ನಕಲು ಮಾಡಿ, ತಮ್ಮ ಹೆಸರು ವಿಳಾಸಗಳನ್ನು ಬರೆದು, ಪ್ರತ್ಯೇಕ ಲಕೋಟೆಯಲ್ಲಿ, ನಿಗದಿಯಾದ ಒಂದೇ ದಿನ, ಫೆಬ್ರವರಿ 20ರಂದು, ಅಂಚೆಗೆ ಹಾಕಬೇಕು. ದೇಶದಲ್ಲಿದ್ದ ಸುಮಾರು 14,000 ಶಿಕ್ಷಕರಲ್ಲಿ ಬಹುಪಾಲು ಮಂದಿ ಹಾಗೆಯೇ ಮಾಡಿದರು.

ಇದರ ಸೂಕ್ಷ್ಮವನ್ನು ನೋಡಬೇಕು. ಸಾಮೂಹಿಕ ಮನವಿಯಲ್ಲಿ ಮೊದಲ ಹೆಸರಿರುತ್ತದೆ, ಕಡೆಯ ಹೆಸರಿರುತ್ತದೆ. ಅಧಿಕಾರಿ ಮೊದಲಿನವನನ್ನು ಹಿಡಿಯುತ್ತಾನೆ, ಕಡೆಯವನು ಜನಸಂದಣಿಯಲ್ಲಿ ಅವಿತುಕೊಳ್ಳುತ್ತಾನೆ. ಇಲ್ಲಿಯಾದರೋ ಪ್ರತಿಯೊಬ್ಬನೂ ಮೊದಲಿಗ. ಅವಿತುಕೊಳ್ಳುವುದಕ್ಕೆ ಯಾರ ಬೆನ್ನೂ ಇಲ್ಲ. ಹಾಗೆಂದು ಒಂಟಿಯೂ ಅಲ್ಲ, ಏಕೆಂದರೆ ಅದೇ ಮಾತನ್ನು ಅದೇ ದಿನ ಪಕ್ಕದ ಹಳ್ಳಿಯ ಮೇಷ್ಟ್ರೂ ಬರೆಯುತ್ತಿದ್ದಾನೆಂಬ ನಂಬಿಕೆಯಿದೆ. ಜೀವನವಿಡೀ ವಿದ್ಯಾರ್ಥಿಗಳಿಗೆ ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದು ಉಪದೇಶಿಸಿದವನು ನಾನು. ಯಥಾವತ್ತಾದ ನಕಲಿಗೂ ಇಂಥ ಗೌರವವುಂಟೆಂದು ತಿಳಿದದ್ದು ಆಗಲೇ.

ಸರ್ಕಾರ ಇಂಧನದ ಅಭಾವವೆಂಬ ನೆಪವೊಡ್ಡಿ ಒಂದು ತಿಂಗಳ ಕಾಲ ಶಾಲೆಗಳನ್ನು ಮುಚ್ಚಿತು. ಪತ್ರಿಕೆಗಳು ಪತ್ರಗಳ ಸುದ್ದಿಯನ್ನು ಮುಚ್ಚಿಟ್ಟಿದ್ದವು. ಆದರೆ ಮನೆಗೆ ಮರಳಿದ ಮಕ್ಕಳೇ ಎಲ್ಲ ಮನೆಗಳಿಗೂ ಅದನ್ನು ಸಾರಿದಂತಾಯಿತು. ಇನ್ನು ತಂದೆತಾಯಿಗಳ ಸರದಿ. ಅವರ ಪ್ರತಿಭಟನೆಯ ಪತ್ರಗಳ ಸಂಖ್ಯೆ ಎರಡು ಲಕ್ಷವನ್ನು ಮುಟ್ಟಿತೆನ್ನುತ್ತಾರೆ. ಸಂಬಳ ನಿಂತ ಮನೆಗಳಿಗೆ ನೆರೆಹೊರೆಯವರಿಂದ ಗುಟ್ಟಾಗಿ ಹಣ ಬಂದಿತು. ಎಷ್ಟೋ ಕಡೆ ಪಾಠಗಳು ಮನೆಗಳಲ್ಲಿಯೇ ನಡೆದವು.

ಮಾರ್ಚ್ 20ರಿಂದ ಬಂಧನ ಆರಂಭವಾಯಿತು. ಸುಮಾರು 1,100 ಶಿಕ್ಷಕರು ಸೆರೆಯಾದರು. ಲಿಲ್ಲೆಹಾಮರ್ ಬಳಿಯ ಶಿಬಿರವೊಂದರಲ್ಲಿ ಅವರನ್ನು, ಮುದುಕರೆನ್ನದೆ, ಹಿಮದಲ್ಲಿ ತೆವಳಿಸಿದರು. ಕ್ಷಮೆ ಕೋರಿದರೆ ಬಿಡುಗಡೆಯೆಂಬ ಆಮಿಷಕ್ಕೆ ಒಪ್ಪಿದವರೂ ಇದ್ದರು, ಆದರೆ ಕೆಲವರೇ. ಹಸಿವು ಮತ್ತು ಚಳಿಗಳ ನಡುವೆ ಹಾಗೆ ಒಪ್ಪಿದವರನ್ನು ಹಳಿಯುವ ಅರ್ಹತೆ 23ನೆಯ ಸಹಿಯವನಿಗಿಲ್ಲ. ಏಪ್ರಿಲ್‌ನಲ್ಲಿ ಸುಮಾರು 500 ಮಂದಿಯನ್ನು ‘ಷೆರ್‌ಸ್ಟಾಡ್’ ಎಂಬ ಹಳೆಯ ಹಡಗಿನಲ್ಲಿ ತುರುಕಿ, ಉತ್ತರ ಧ್ರುವ ವೃತ್ತದಾಚೆಯ ಕಿರ್ಕೆನೆಸ್‌ಗೆ ಸಾಗಿಸಿದರು. ಅಲ್ಲಿ ಸೋವಿಯತ್ ಯುದ್ಧಕೈದಿಗಳ ಜೊತೆ ಹಡಗಿನ ಸಾಮಾನು ಇಳಿಸುವ ಕೂಲಿ.

ಇತ್ತ ಶಾಲೆಗಳು ಮತ್ತೆ ತೆರೆದಾಗ ಹೊರಗುಳಿದಿದ್ದ ಶಿಕ್ಷಕರು ಏನು ಮಾಡಿದರೆಂಬುದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ತರಗತಿಗೆ ಹೋಗಿ, ತಾವು ಹೊಸ ಸಂಘಕ್ಕೆ ಸೇರಿದವರಲ್ಲವೆಂಬ ಹೇಳಿಕೆಯನ್ನು ಮಕ್ಕಳ ಮುಂದೆ ಓದಿ, ಬಳಿಕ ಪಾಠಕ್ಕೆ ತೊಡಗಿದರು. ತಮ್ಮ ಹಟದಿಂದ ಕಿರ್ಕೆನೆಸ್‌ನ ಗೆಳೆಯರ ಪ್ರಾಣಕ್ಕೇ ಅಪಾಯವೆಂಬ ಹೆದರಿಕೆಯನ್ನೂ ನುಂಗಿಕೊಂಡು.

ಮೇ 22ರಂದು ಕ್ವಿಸ್ಲಿಂಗ್ ಸ್ವತಃ ಸ್ಟಾಬೆಕ್ ಎಂಬಲ್ಲಿಯ ಶಾಲೆಗೆ ಹೋಗಿ, ನೀವು ಶಿಕ್ಷಕರು ನನ್ನದೆಲ್ಲವನ್ನೂ ಕೆಡಿಸಿದಿರಿ ಎಂದು ಅಬ್ಬರಿಸಿದ. ಅಲ್ಲಿದ್ದ ಶಿಕ್ಷಕರನ್ನು ಬಂಧಿಸಿ ಹೊರಟುಹೋದ. ಕಿರ್ಕೆನೆಸ್‌ಗೆ ಹೋದವರನ್ನು ತಂಡತಂಡವಾಗಿ ಬಿಡುಗಡೆ ಮಾಡಿದರು. ನವೆಂಬರ್ ವೇಳೆಗೆ ಕೊನೆಯ ತಂಡ ಊರು ಸೇರಿತು. ಹೊಸ ಸಂಘ ಕಾಗದದ ಮೇಲೆಯೇ ಉಳಿಯಿತು.

ನಮ್ಮ ಮನವಿಯ ಕಾರ್ಬನ್ ಪ್ರತಿ ನನ್ನ ಹಳೆಯ ಟ್ರಂಕಿನಲ್ಲಿ ಇನ್ನೂ ಇದೆ. ಮೊದಲ ಸಹಿಯ ಶಾಯಿ ಮಾತ್ರ ಸ್ವಲ್ಪ ಹರಡಿದೆ; ಆ ಮೇಷ್ಟ್ರ ಕೈ ನಡುಗುತ್ತಿತ್ತೆಂಬುದು ನನಗೆ ನೆನಪಿದೆ.